ಹದಿಮೂರು ತಿಂಗಳ ಗ್ರಾಮಜೀವನ: ನಿಜಾಮ ಸೀಮೆಯ ಕನ್ನಡ ಹಳ್ಳಿಗಳು (೧೯೪೭–೪೮)

ರಾಜ್ಯಗಳ ಏಳುಬೀಳುಗಳನ್ನು ಬರೆಯುವುದೇ ಇತಿಹಾಸವೆಂಬ ಭಾವನೆ ನಮ್ಮಲ್ಲಿ ಬಹುಕಾಲದಿಂದ ಬೇರೂರಿದೆ. ಅರಸನು ಪಟ್ಟವೇರಿದ ತಿಥಿ, ದಂಡು ಗಡಿ ದಾಟಿದ ದಿನ, ಒಪ್ಪಂದಕ್ಕೆ ಅಂಕಿತ ಬಿದ್ದ ಗಳಿಗೆ ಇವೆಲ್ಲ ನಮಗೆ ಬಾಯಿಪಾಠವಾಗಿವೆ. ಅದೇ ದಿನ ಹಳ್ಳಿಯೊಂದರಲ್ಲಿ ಒಲೆ ಉರಿಯಿತೇ, ಬಾವಿಗೆ ಹೋದ ಹೆಣ್ಣುಮಗಳು ನಿರ್ಭಯಳಾಗಿ ಮನೆಗೆ ಮರಳಿದಳೇ, ಒಕ್ಕಲಿಗನು ಬಿತ್ತಿದ ಬೆಳೆ ಅವನ ಕಣದವರೆಗೆ ಬಂದಿತೇ ಎಂಬ ಪ್ರಶ್ನೆಗಳನ್ನು ಕೇಳುವವರು ವಿರಳ. ಶರಣರಾದರೋ ಈ ಕ್ರಮವನ್ನು ತಿರುವಿಹಾಕಿದವರು. ಅಂಬಿಗರ ಚೌಡಯ್ಯ, ಮಡಿವಾಳ ಮಾಚಿದೇವ, ನುಲಿಯ ಚಂದಯ್ಯ, ಜೇಡರ ದಾಸಿಮಯ್ಯ, ಆಯ್ದಕ್ಕಿ ಲಕ್ಕಮ್ಮ ಎಂಬ ಹೆಸರುಗಳಲ್ಲಿ ಮೊದಲು ಬರುವುದು ಅವರವರ ಕಾಯಕ. ದೋಣಿ ನಡೆಸಿದವನ, ಬಟ್ಟೆ ತೊಳೆದವನ, ಹಗ್ಗ ಹೊಸೆದವನ ಬಾಳುವೆಯೂ ಲೋಕದ ಕಥೆಯಲ್ಲಿ ನಡುಮನೆಗೆ ಬರತಕ್ಕದ್ದು ಎಂಬುದನ್ನು ಅವರು ತಮ್ಮ ಹೆಸರುಗಳಿಂದಲೇ ಸಾರಿದರು.

ಆ ಶರಣರು ಓಡಾಡಿದ ನೆಲದಲ್ಲಿಯೇ, ನಮ್ಮ ಹಿಂದಿನ ತಲೆಮಾರಿನವರ ಕಣ್ಣಮುಂದೆ ನಡೆದ ಒಂದು ವಿಪತ್ಕಾಲವನ್ನು ಈ ದೃಷ್ಟಿಯಿಂದ ನೋಡುವುದು ಪ್ರಸ್ತುತ ಲೇಖನದ ಉದ್ದೇಶ. ೧೯೪೭ರ ಆಗಸ್ಟ್ ೧೫ರಂದು ಭಾರತವು ಸ್ವತಂತ್ರವಾಯಿತು. ಹೈದರಾಬಾದು ಸಂಸ್ಥಾನದ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಕನ್ನಡಿಗರಿಗೆ ಆ ಸ್ವಾತಂತ್ರ್ಯವು ದೊರೆಯಲು ೧೯೪೮ರ ಸೆಪ್ಟೆಂಬರ್ ೧೭ರವರೆಗೆ ಕಾಯಬೇಕಾಯಿತು. ನಡುವಣ ಹದಿಮೂರು ತಿಂಗಳುಗಳಲ್ಲಿ ಹಳ್ಳಿಗಳು ಹೇಗೆ ಬದುಕಿದವು? ರಾಜ್ಯವು ತನ್ನ ಕರ್ತವ್ಯವನ್ನು ಮರೆತಾಗ ಅವುಗಳನ್ನು ಹಿಡಿದು ನಿಲ್ಲಿಸಿದ್ದು ಯಾವುದು?

ಸಂಸ್ಥಾನದ ಸ್ವರೂಪ

ಹೈದರಾಬಾದು ಭಾರತದ ದೇಶೀಯ ಸಂಸ್ಥಾನಗಳಲ್ಲಿ ಅತ್ಯಂತ ಜನಭರಿತವಾದುದು. ೧೯೪೧ರ ಜನಗಣತಿಯಲ್ಲಿ ಅದರ ಜನಸಂಖ್ಯೆ ಒಂದು ಕೋಟಿ ಅರವತ್ತು ಲಕ್ಷವನ್ನು ಮೀರಿತ್ತು. ಹದಿನಾರು ಜಿಲ್ಲೆಗಳಲ್ಲಿ ತೆಲುಗು, ಮರಾಠಿ, ಕನ್ನಡ ಭಾಷಿಕರು ಹರಡಿಕೊಂಡಿದ್ದರು. ಕನ್ನಡದ ಪಾಲಿಗೆ ಮೇಲೆ ಹೇಳಿದ ಮೂರು ಜಿಲ್ಲೆಗಳು. ಭೂಮಿಯಲ್ಲಿ ಸುಮಾರು ಹತ್ತರಲ್ಲೊಂದು ಪಾಲು ನಿಜಾಮರ ಸ್ವಂತದ 'ಸರ್ಫೇಖಾಸ್'. ಮತ್ತೆ ಸುಮಾರು ಮೂರು ಪಾಲು ಜಹಗೀರುದಾರರ ವಶ. ಉಳಿದುದು ಸರ್ಕಾರದ 'ದಿವಾನಿ' ಭೂಮಿ. ಜಹಗೀರಿನ ಹಳ್ಳಿಗಳಲ್ಲಿ ಒಕ್ಕಲಿಗನಿಗೆ ಸರ್ಕಾರವೆಂದರೆ ಜಹಗೀರುದಾರನ ಮನುಷ್ಯನೇ. ಅವನು ಕರೆದಾಗ ಬಂಡಿ ಕಟ್ಟಬೇಕು, ಬಿಟ್ಟಿ ದುಡಿಯಬೇಕು, ಬಂದವರಿಗೆ ಹಾಲು ತುಪ್ಪ ಒದಗಿಸಬೇಕು. ಇದಕ್ಕೆ ಮತಭೇದವಿರಲಿಲ್ಲ. ಹಿಂದೂ ದೇಶಮುಖನ ಕೈಕೆಳಗೂ ಬಿಟ್ಟಿ ಬೇಗಾರಿ ಇತ್ತು. ಬಡ ಮುಸಲ್ಮಾನನೂ ಅದನ್ನು ಮಾಡುತ್ತಿದ್ದನು.

ಆಡಳಿತದ ಭಾಷೆ ಉರ್ದು. ಪಹಣಿ, ಪಾವತಿ, ಅರ್ಜಿ, ಫೈಸಲು ಯಾವುದನ್ನೂ ಹಳ್ಳಿಗನು ತಾನೇ ಓದಲಾರನು. ಸರ್ಕಾರಿ ಕಾಗದದ ವರ್ಷವೂ ಬೇರೆ: ಲೋಕಕ್ಕೆ ೧೯೪೭–೪೮ ಆದದ್ದು ಅಲ್ಲಿ ಫಸಲಿ ೧೩೫೭. ಸಭೆ ಸೇರುವುದಕ್ಕೆ 'ಗಸ್ತಿ ನಿಶಾನ್ ೫೩' ಎಂಬ ಸುತ್ತೋಲೆ ಅಡ್ಡವಾಗಿತ್ತು. ಖಾಸಗಿ ಶಾಲೆ ತೆರೆಯುವುದಕ್ಕೂ ಅಪ್ಪಣೆ ಬೇಕಾಗಿತ್ತು. ಈ ಪರಿಸ್ಥಿತಿಯಲ್ಲಿ ಕನ್ನಡದ ಅಕ್ಷರವನ್ನು ಉಳಿಸಿದ ಹೊಣೆ ಬಹುಮಟ್ಟಿಗೆ ಮಠಗಳ ಮೇಲೆ, ಕೆಲವು ಖಾಸಗಿ ಸಂಸ್ಥೆಗಳ ಮೇಲೆ ಬಿದ್ದಿತು. ಕಲಬುರಗಿಯ ಶರಣಬಸವೇಶ್ವರ ಸಂಸ್ಥಾನದ ಲಿಂಗೈಕ್ಯ ದೊಡ್ಡಪ್ಪ ಅಪ್ಪನವರು ೧೯೩೪ರಲ್ಲಿಯೇ ಹೆಣ್ಣುಮಕ್ಕಳ ವಿದ್ಯೆಗೆ ಅಡಿಗಲ್ಲಿಟ್ಟರು. ಭಾಲ್ಕಿ ಹಿರೇಮಠದ ಲಿಂಗೈಕ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಶಾಲೆಯ ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಬೀದರ ಸೀಮೆಯಲ್ಲಿ ಅರಿಯದವರಿಲ್ಲ. ಇದನ್ನು ಇಲ್ಲಿ ನೆನೆಯಲು ಕಾರಣವುಂಟು. ಮುಂದೆ ಬಂದ ವಿಪತ್ತಿನಲ್ಲಿ ಜನರು ಮಠದ ಕಡೆಗೆ ನೋಡಿದ್ದು ಭಕ್ತಿಯೊಂದರಿಂದಲೇ ಅಲ್ಲ. ಅಕ್ಷರ, ಅನ್ನ, ಆಶ್ರಯ ಮೂರೂ ಒಂದೇ ಹೊಸ್ತಿಲಲ್ಲಿ ದೊರೆಯುತ್ತವೆಂಬ ರೂಢಿ ಅವರಲ್ಲಿ ಮೊದಲೇ ನೆಲೆಗೊಂಡಿತ್ತು.

ರಾಜಕೀಯದ ಘಟನೆಗಳನ್ನು ಸಂಕ್ಷೇಪವಾಗಿ ಹೇಳಿ ಮುಂದೆ ಸಾಗುವೆನು. ನಿಜಾಮ ಮೀರ್ ಉಸ್ಮಾನ್ ಅಲೀಖಾನರು ಭಾರತ ಒಕ್ಕೂಟವನ್ನು ಸೇರದೆ ಸ್ವತಂತ್ರವಾಗಿರಲು ಬಯಸಿದರು. ಸಿಂದಗಿಯಲ್ಲಿ ಜನಿಸಿದ ಸ್ವಾಮಿ ರಾಮಾನಂದ ತೀರ್ಥರ ನೇತೃತ್ವದಲ್ಲಿ ಸ್ಟೇಟ್ ಕಾಂಗ್ರೆಸ್ಸು ೧೯೪೭ರ ಆಗಸ್ಟ್ ೭ರಂದು ಒಕ್ಕೂಟ ಸೇರುವ ಹಕ್ಕೊತ್ತಾಯದ ದಿನವನ್ನು ಆಚರಿಸಿತು, ಬಂಧನಗಳು ಆರಂಭವಾದವು. ನವೆಂಬರ್ ೨೯ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಇತ್ತ ಮಜಲಿಸೆ ಇತ್ತೆಹಾದುಲ್ ಮುಸಲ್ಮೀನ್ ಸಂಘಟನೆಯ ಸ್ವಯಂಸೇವಕ ದಳವಾದ ರಜಾಕಾರರು ಲಾತೂರಿನ ವಕೀಲ ಕಾಸಿಂ ರಜ್ವಿಯ ನಾಯಕತ್ವದಲ್ಲಿ ಬೆಳೆದು, ಸರ್ಕಾರವನ್ನೇ ಮೀರುವ ಶಕ್ತಿಯಾದರು. ದಿಲ್ಲಿ ಹೈದರಾಬಾದುಗಳ ನಡುವೆ ಮಾತುಕತೆ ಮುಂದುವರಿದಂತೆ ಹಳ್ಳಿಗಳಲ್ಲಿ ಬದುಕು ಕುಸಿಯುತ್ತ ಹೋಯಿತು.

ನಾಣ್ಯ ಮತ್ತು ಸಂತೆ

ಹಳ್ಳಿಗೆ ರಾಜಕೀಯವು ಮೊದಲು ತಲುಪಿದ್ದು ನಾಣ್ಯದ ರೂಪದಲ್ಲಿ. ಸಂಸ್ಥಾನದ ಉಸ್ಮಾನಿಯಾ ಸಿಕ್ಕಾಕ್ಕೆ ಜನರು 'ಹಾಲಿ' ಎನ್ನುತ್ತಿದ್ದರು. ಭಾರತದ ರೂಪಾಯಿಗೆ 'ಕಲ್ದಾರ'. ಆರು ಕಲ್ದಾರಕ್ಕೆ ಏಳು ಹಾಲಿ ಎಂಬುದು ರೂಢಿಯ ಲೆಕ್ಕ. ಗಡಿಯ ಹಳ್ಳಿಗಳಲ್ಲಿ ಬರವಣಿಗೆ ಬಾರದ ಮುದುಕಿಯೂ ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಮಾಡುತ್ತಿದ್ದಳು. ಏಕೆಂದರೆ ಕೊಪ್ಪಳ, ಯಲಬುರ್ಗಿ ಕಡೆಯ ಹತ್ತಿ ಗದಗಿನ ಪೇಟೆಗೆ ಹೋಗುವುದು. ಆಳಂದದ ಕಡೆಯ ವ್ಯಾಪಾರ ಸೋಲಾಪುರಕ್ಕೆ ನಡೆಯುವುದು. ತುಂಗಭದ್ರೆಯ ದಂಡೆಯವರಿಗೆ ಹೊಸಪೇಟೆ, ಕಂಪ್ಲಿಗಳ ಸಂತೆಯೇ ಹತ್ತಿರ. ನಡುವೆ ಕರೋಡಗಿರಿ ನಾಕೆಯಲ್ಲಿ ಸುಂಕ ತೆತ್ತರಾಯಿತು. ಬೀಗತನಗಳೂ ಗಡಿಯ ಎರಡು ಕಡೆಗೆ ಹಬ್ಬಿದ್ದವು. ತವರು ಮುಂಬಯಿ ಪ್ರಾಂತದಲ್ಲಿ, ಅತ್ತೆಯ ಮನೆ ನಿಜಾಮ ಸೀಮೆಯಲ್ಲಿ ಎಂಬುದು ಸಾಮಾನ್ಯ ಸಂಗತಿ.

ಯಥಾಸ್ಥಿತಿ ಒಪ್ಪಂದವಾದ ಕೆಲವೇ ವಾರಗಳಲ್ಲಿ ಸಂಸ್ಥಾನದ ಸರ್ಕಾರವು ಭಾರತದ ನಾಣ್ಯದ ಚಲಾವಣೆಯನ್ನು ತನ್ನ ಸೀಮೆಯಲ್ಲಿ ನಿಷೇಧಿಸಿ ಶಾಸನ ಹೊರಡಿಸಿತು. ಚಿನ್ನ ಬೆಳ್ಳಿಗಳನ್ನು ಹೊರಗೆ ಒಯ್ಯುವುದನ್ನೂ ತಡೆಯಿತು. ಗದಗಿನಲ್ಲಿ ಹತ್ತಿ ಮಾರಿದವನ ಸೆರಗಿನಲ್ಲಿದ್ದ ಕಲ್ದಾರವು ನಾಕೆಯನ್ನು ದಾಟಿದೊಡನೆ ಅಪರಾಧದ ವಸ್ತುವಾಯಿತು. ಬಾಣಂತನಕ್ಕೆ ತವರಿಗೆ ಹೊರಟ ಮಗಳು ಕೊರಳಿನ ಒಡವೆಯನ್ನು ತೆಗೆದಿಟ್ಟು ಹೋಗಬೇಕಾಯಿತು. ೧೯೪೮ರ ನಡುವಿನ ಹೊತ್ತಿಗೆ ಭಾರತದ ಕಡೆಯಿಂದಲೂ ಸಾಮಾನು ಬರುವುದು ನಿಂತಿತು. ಸಮುದ್ರ ತೀರವಿಲ್ಲದ ಸಂಸ್ಥಾನ ಅದು. ಉಪ್ಪಿಗೂ ಹೊರಗಿನವರ ಕೈ ನೋಡಬೇಕು. ಉಪ್ಪು, ಸೀಮೆಎಣ್ಣೆ, ಔಷಧಗಳು ದುರ್ಲಭವಾದವು. ದಿಗ್ಬಂಧನದ ಉದ್ದೇಶ ಹೈದರಾಬಾದಿನ ಅರಮನೆಯನ್ನು ಬಗ್ಗಿಸುವುದಾಗಿತ್ತು. ಆದರೆ ಅದರ ಮೊದಲ ರುಚಿಯನ್ನು ಕಂಡದ್ದು ಬಡವನ ಅಂಬಲಿಯ ಗಡಿಗೆ. ಸಂಜೆಯಾದೊಡನೆ ಹಳ್ಳಿಗಳು ಕತ್ತಲಾಗುತ್ತಿದ್ದವೆಂದೂ, ದೀಪಕ್ಕಿದ್ದ ಎಣ್ಣೆಯನ್ನು ಇಷ್ಟಲಿಂಗ ಪೂಜೆಯ ಹೊತ್ತಿಗೆಂದು ಕಾಯ್ದಿರಿಸುತ್ತಿದ್ದರೆಂದೂ ನಮ್ಮ ಮನೆಯ ಹಿರಿಯರು ಹೇಳುತ್ತಿದ್ದರು.

ಧಾನ್ಯ

ನಾಣ್ಯದ ನಂತರ ಧಾನ್ಯ. ಎರಡನೆಯ ಮಹಾಯುದ್ಧದ ಕಾಲದಿಂದಲೂ ಸಂಸ್ಥಾನದಲ್ಲಿ ಲೆವಿ ಪದ್ಧತಿಯಿತ್ತು. ಬೆಳೆದುದರಲ್ಲಿ ಗೊತ್ತಾದ ಪಾಲನ್ನು ಸರ್ಕಾರ ನಿಗದಿಮಾಡಿದ ಬೆಲೆಗೆ ಒಪ್ಪಿಸಬೇಕು. ಪಾಟೀಲನಿಗೆ ಬೇಕಾದವರ ಹೊಲದಲ್ಲಿ ಬೆಳೆ ಕಡಿಮೆ ಬರೆಯಲ್ಪಡುವುದು, ಬೇಡದವರ ಹೊಲದಲ್ಲಿ ಹೆಚ್ಚು ಬರೆಯಲ್ಪಡುವುದು. ಈ ಭಾರದ ಮೇಲೆ ೧೯೪೮ರಲ್ಲಿ ರಜಾಕಾರರ ವಂತಿಗೆ ಬಂದಿತು. ಮುಂದೆ ಭಾರತ ಸರ್ಕಾರ ಕಳುಹಿಸಿದ ವಿಚಾರಣಾ ತಂಡವು ಇದರ ಬಗೆಯನ್ನು ಗುರುತಿಸಿದೆ. ಪ್ರತಿಯೊಂದು ಊರಿನ ಮೇಲೂ ತಿಂಗಳ ಮೊತ್ತವೊಂದನ್ನು ಹೇರುವರು. ಸುಮ್ಮನೆ ಕೊಟ್ಟ ಊರಿಗೆ ಸಾಮಾನ್ಯವಾಗಿ ಹೆಚ್ಚಿನ ತೊಂದರೆ ಇಲ್ಲ. ಎದುರು ನಿಂತ ಊರಿನಲ್ಲಿ ಲೂಟಿ. ಲೂಟಿಗೂ ಎದುರಾದರೆ ಬೆಂಕಿ, ಕೊಲೆ, ಹೆಂಗಸರ ಮಾನಹರಣ.

ಈ ವಿವರವನ್ನು ಓದಿದಾಗ ಆ ಕಾಲದ ಹಳ್ಳಿಯ ಕಟ್ಟೆಯಲ್ಲಿ ಪ್ರತಿ ತಿಂಗಳೂ ನಡೆದಿರಬೇಕಾದ ಮಾತುಗಳು ಕಿವಿಯಲ್ಲಿ ಕೇಳಿದಂತಾಗುತ್ತವೆ. ಕೊಡುವುದೋ, ಬಿಡುವುದೋ? ಕೊಟ್ಟರೆ ಮುಂದಿನ ತಿಂಗಳಿಗೆ ಏನು ಉಳಿಯುವುದು? ಕೊಡದಿದ್ದರೆ ಯಾರ ಮನೆ ಮೊದಲು ಉರಿಯುವುದು? ಶೌರ್ಯದ ಕಥೆಗಳಲ್ಲಿ ಎದುರು ನಿಂತ ಊರುಗಳ ಹೆಸರು ಉಳಿದಿದೆ, ಅದು ಯುಕ್ತವೇ. ಆದರೆ ತಲೆ ತಗ್ಗಿಸಿ ವಂತಿಗೆ ಕೊಟ್ಟು ಮಕ್ಕಳುಮರಿಗಳನ್ನು ಉಳಿಸಿಕೊಂಡ ನೂರಾರು ಊರುಗಳನ್ನು ಹೇಡಿಗಳೆನ್ನಲು ನನ್ನ ನಾಲಿಗೆ ಏಳದು.

ನಮ್ಮ ಕಡೆಯಲ್ಲಿ ಧಾನ್ಯವನ್ನು ಹಗೇವಿನಲ್ಲಿ ಇಡುವ ಪದ್ಧತಿ ಹಿಂದಿನಿಂದಲೂ ಇತ್ತು. ನೆಲದಲ್ಲಿ ಆಳವಾಗಿ ತೋಡಿದ ಗುಂಡಿ. ಬಾಯಿ ಇಕ್ಕಟ್ಟು, ಒಳಗೆ ವಿಸ್ತಾರ. ತಳಕ್ಕೂ ಸುತ್ತಲಿಗೂ ಹುಲ್ಲು ಹಾಸಿ ಜೋಳ ತುಂಬಿ ಮೇಲೆ ಮಣ್ಣು ಮುಚ್ಚುವರು. ಆ ವರ್ಷ ಹಗೇವುಗಳ ಬಾಯಿ ಎಲ್ಲಿವೆಯೆಂಬುದು ಮನೆಯ ಹಿರಿಯರಿಬ್ಬರಿಗೆ ಮಾತ್ರ ತಿಳಿದಿರುತ್ತಿತ್ತಂತೆ. ಆದರೆ ಧಾನ್ಯವು ಮುಚ್ಚಿಟ್ಟಲ್ಲಿ ಸಂಶಯವೂ ಮೊಳೆಯುವುದು. ನೆರೆಮನೆಯಲ್ಲಿ ಮಕ್ಕಳು ಹಸಿದಿರುವಾಗ ತನ್ನ ಹಗೇವನ್ನು ತೆರೆಯುವುದೇ ಎಂಬುದು ಅಂದಿನ ಅತ್ಯಂತ ಕಠಿಣವಾದ ಧರ್ಮಪ್ರಶ್ನೆ. ರಾಯಚೂರು ಜಿಲ್ಲೆಯ ಲಿಂಗಸುಗೂರು ಸೀಮೆಯ ಅಮರೇಶ್ವರವು ಆಯ್ದಕ್ಕಿ ದಂಪತಿಗಳ ನೆಲೆಯೆಂದು ಪರಂಪರೆ ಹೇಳುತ್ತದೆ. ಮಾರಯ್ಯನು ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಅವನು ಎಂದಿಗಿಂತ ಹೆಚ್ಚು ತಂದಾಗ ಲಕ್ಕಮ್ಮನು ಅದನ್ನು ಒಪ್ಪದೆ, ಬೇಕಾದಷ್ಟನ್ನೇ ಉಳಿಸಿಕೊಂಡು ಮಿಕ್ಕುದನ್ನು ತಂದ ಸ್ಥಳಕ್ಕೇ ಸುರಿದುಬರಲು ಗಂಡನನ್ನು ಮರಳಿ ಕಳುಹಿಸಿದಳು. ಸುಭಿಕ್ಷದ ಕಾಲದಲ್ಲಿ ಈ ಕಥೆಯನ್ನು ಪುರಾಣದಲ್ಲಿ ಕೇಳಿ ತಲೆದೂಗುವುದು ಸುಲಭ. ೧೯೪೮ರ ಬೇಸಿಗೆಯಲ್ಲಿ ಅದೇ ಸೀಮೆಯ ಗೃಹಿಣಿಯು, ಮುಂದಿನ ತಿಂಗಳ ಭಯವನ್ನು ಎದೆಯಲ್ಲಿಟ್ಟುಕೊಂಡು, ಮೊರದಲ್ಲಿ ಜೋಳ ಹಾಕಿ ಹಿತ್ತಲ ಬಾಗಿಲಿನಿಂದ ನೆರೆಯವಳಿಗೆ ಕೊಟ್ಟಿದ್ದರೆ, ಆಕೆ ಲಕ್ಕಮ್ಮನ ವಂಶದವಳೆಂದೇ ನಾನು ತಿಳಿಯುವೆನು. ಅಂಥವರ ಹೆಸರುಗಳನ್ನು ಯಾರೂ ಬರೆದಿಡಲಿಲ್ಲ.

ದಾರಿ ಮತ್ತು ರಾತ್ರಿ

ಮೂರನೆಯದಾಗಿ ದಾರಿ ಕೆಟ್ಟಿತು. ಹಳ್ಳಿಗನ ಬದುಕಿನಲ್ಲಿ ದಾರಿಯೆಂದರೆ ಸಂತೆ, ಜಾತ್ರೆ, ಮದುವೆ, ತವರು. ೧೯೪೮ರ ಮೇ ೨೨ರಂದು ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಪ್ರಯಾಣಿಕರ ಮೇಲೆ ದಾಳಿ ನಡೆಯಿತು. ಹಗಲು ಹೊತ್ತಿನಲ್ಲಿ ಕಬ್ಬಿಣದ ಹಳಿಯ ಮೇಲೆ ಹೋಗುವವರಿಗೇ ರಕ್ಷಣೆಯಿಲ್ಲವೆಂದ ಮೇಲೆ, ಎರೆಹೊಲದ ಬಂಡಿಯ ಜಾಡಿನಲ್ಲಿ ಹೋಗುವವನ ಪಾಡೇನು? ಮದುವೆಗಳು ನಿಂತವು, ಇಲ್ಲವೇ ದಿಬ್ಬಣವಿಲ್ಲದೆ ರಾತ್ರೋರಾತ್ರಿ ನಡೆದವು. ಜಾತ್ರೆಗಳಲ್ಲಿ ಜನ ಕರಗಿತು.

ಆ ಸೀಮೆಯ ಹಳೆಯ ಊರುಗಳನ್ನು ನೋಡಿದವರಿಗೆ ಅಗಸಿ, ಕೋಟೆಗೋಡೆ, ಹುಡೆಗಳ ಪರಿಚಯವಿರುತ್ತದೆ. ಹಿಂದಿನ ಶತಮಾನಗಳ ದಂಡುದಾಳಿಯ ನೆನಪಾಗಿ ನಿಂತು, ಮಕ್ಕಳ ಆಟಕ್ಕೂ ಪಾರಿವಾಳಗಳ ವಾಸಕ್ಕೂ ಮೀಸಲಾಗಿದ್ದ ಆ ಹುಡೆಗಳ ಮೇಲೆ ಮತ್ತೆ ಕಾವಲು ಕುಳಿತಿತು. ಹೊತ್ತು ಮುಳುಗುವ ಮುನ್ನ ಅಗಸಿಯ ಬಾಗಿಲು ಮುಚ್ಚುವರು. ಮಾಳಿಗೆಯ ಮೇಲೆ ಕಲ್ಲುಗಳ ರಾಶಿ, ಕವಣೆ. ಸರದಿಯ ಮೇಲೆ ಎಲ್ಲ ಕುಲದವರೂ ಕಾವಲು ಕಾಯುವರು. ಒಂದೇ ಬಾವಿಯ ನೀರು ಮುಟ್ಟದವರು ಒಂದೇ ಹುಡೆಯ ಮೇಲೆ ರಾತ್ರಿ ಕಳೆದರು. ವಿಪತ್ತು ಕಲಿಸಿದ ಆ ಸಮತೆಯನ್ನು ಬೆಳಗಾದ ಮೇಲೂ ಉಳಿಸಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು! ಶಾಂತಿ ಬಂದೊಡನೆ ಬಾವಿಗಳು ಮತ್ತೆ ಬೇರೆಯಾದವು ಎಂಬುದನ್ನೂ ಒಪ್ಪಿಕೊಳ್ಳಬೇಕು.

ಮುಖ್ಯವಾದ ಸಂಗತಿಯೊಂದನ್ನು ಇಲ್ಲಿ ಸ್ಪಷ್ಟಪಡಿಸುವುದು ಅವಶ್ಯ. ರಜಾಕಾರರೂ ಮುಸಲ್ಮಾನರೂ ಒಂದೇ ಅಲ್ಲ. ಆ ದಳದ ಹಿಂಸೆಯನ್ನು ಖಂಡಿಸಿ, ಸಂಸ್ಥಾನವು ಭಾರತವನ್ನು ಸೇರಬೇಕೆಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನರನ್ನು ೧೯೪೮ರ ಆಗಸ್ಟಿನಲ್ಲಿ ಹೈದರಾಬಾದಿನಲ್ಲಿ ಕೊಂದವರು ರಜಾಕಾರರೇ. ಹಳ್ಳಿಗಳಲ್ಲಿ ಪಿಂಜಾರರು, ಕಸಾಯಿಗಳು, ನೇಕಾರರು, ಕೂಲಿಗಳಾಗಿ ತಲೆತಲಾಂತರದಿಂದ ಬಾಳಿದ ಮುಸಲ್ಮಾನರಿಗೆ ಈ ರಾಜಕೀಯದಿಂದ ದೊರೆತದ್ದು ಏನೂ ಇಲ್ಲ. ಕಳೆದುಕೊಂಡದ್ದು ಬಹಳ, ಅದನ್ನು ಮುಂದೆ ಹೇಳುವೆನು.

ಗೋರಟಾ

೧೯೪೮ರ ಮೇ ತಿಂಗಳ ಎರಡನೆಯ ವಾರದಲ್ಲಿ, ಬಸವ ಜಯಂತಿಯು ಬರುವ ದಿನಗಳಲ್ಲಿಯೇ, ಬಸವಕಲ್ಯಾಣ ಸೀಮೆಯ ಗೋರಟಾ ಗ್ರಾಮದಲ್ಲಿ ಘೋರ ಹತ್ಯಾಕಾಂಡ ನಡೆಯಿತು. ರಜಾಕಾರರು ಊರಿಗೆ ನುಗ್ಗಿ ಮನೆಗಳನ್ನು ಸುಟ್ಟು, ಸಿಕ್ಕವರನ್ನು ಕೊಂದರು. ಸತ್ತವರು ಇನ್ನೂರರಷ್ಟು ಎಂದು ಆ ಸೀಮೆಯ ಜನಸ್ಮೃತಿಯು ಹೇಳುತ್ತದೆ. ಊರಿನ ದೊಡ್ಡ ಮನೆಯೊಂದರಲ್ಲಿ ಸೇರಿಕೊಂಡವರು ಬದುಕಿ ಉಳಿದರು. ಉಳ್ಳವನ ಮನೆಯ ಗಟ್ಟಿಯಾದ ಗೋಡೆಯು ಇಲ್ಲದವರಿಗೂ ಆಶ್ರಯವಾದ ಆ ಒಂದು ರಾತ್ರಿಯನ್ನು ದಾಸೋಹವೆಂಬ ಮಾತಿನ ಹೊರತು ಬೇರೆ ಯಾವ ಮಾತಿನಿಂದ ಹೇಳಲಿ?

ಗೋರಟಾದ ಸಮೀಪವೇ ಕಲ್ಯಾಣ. ಅಂದು ಅದು ಜಹಗೀರುದಾರ ನವಾಬರ 'ಕಲ್ಯಾಣಿ'. ಬಿಜ್ಜಳನ ಕಾಲದ ವಿಪ್ಲವದಲ್ಲಿ, ಸುಮಾರು ೧೧೬೭–೬೮ರಲ್ಲಿ, ಶರಣರು ವಚನಗಳ ಕಟ್ಟುಗಳನ್ನು ಹೊತ್ತು ಆ ಪಟ್ಟಣವನ್ನು ತೊರೆದರೆಂದೂ, ಚನ್ನಬಸವಣ್ಣನವರ ತಂಡವು ಉಳವಿಯನ್ನು ಸೇರಿತೆಂದೂ ಪರಂಪರೆಯು ತಿಳಿಸುತ್ತದೆ. ಸುಮಾರು ಎಂಟು ನೂರು ವರ್ಷಗಳ ಅನಂತರ ಅದೇ ಸೀಮೆಯ ಜನರು ಗಂಟುಮೂಟೆಗಳೊಡನೆ ಪಶ್ಚಿಮದ ದಾರಿ ಹಿಡಿದರು. ಸೋಲಾಪುರ, ವಿಜಾಪುರ, ಧಾರವಾಡ, ಬಳ್ಳಾರಿ ಜಿಲ್ಲೆಗಳ ಗಡಿಯೂರುಗಳಲ್ಲಿ ನಿರಾಶ್ರಿತರು ತುಂಬಿದರು. ಬೀಗರ ಮನೆ, ಮಠದ ಪ್ರಾಂಗಣ, ಧರ್ಮಶಾಲೆ, ಶಾಲೆಯ ಪಡಸಾಲೆ ಎಲ್ಲಿ ನೆರಳು ಸಿಕ್ಕಿತೋ ಅಲ್ಲಿ ಸಂಸಾರಗಳು ಹೂಡಿಕೊಂಡವು. ಗುರುತಿಲ್ಲದವರು ಪಂಕ್ತಿಯಲ್ಲಿ ಕುಳಿತರು. ಬಡಿಸಿದವರಲ್ಲಿಯೂ ಸಮೃದ್ಧಿ ಇರಲಿಲ್ಲ, ಅಲ್ಲಿಯೂ ಪಡಿತರದ ಕಾಲವೇ. ತಿಂಗಳುಗಟ್ಟಲೆ ಉಂಡವರಿಗೆ ಸಂಕೋಚ, ಇಕ್ಕಿದವರಿಗೆ ಆಯಾಸ, ಎರಡೂ ಸಹಜ. ಆದರೂ ಒಲೆ ಆರಲಿಲ್ಲ.

ಗಡಿಯಲ್ಲಿ ಹೋರಾಟದ ಶಿಬಿರಗಳೂ ಎದ್ದವು. ಮುಂಡರಗಿಯ ಶಿಬಿರಕ್ಕೆ ಅಳವಂಡಿ ಶಿವಮೂರ್ತಿಸ್ವಾಮಿಗಳೂ, ಗಜೇಂದ್ರಗಡದ ಶಿಬಿರಕ್ಕೆ ಪುಂಡಲೀಕಪ್ಪ ಜ್ಞಾನಮೋಠೆಯವರೂ ನಾಯಕರು. ಕರೋಡಗಿರಿ ನಾಕೆಗಳ ಮೇಲೆ, ಪೊಲೀಸ್ ಠಾಣೆಗಳ ಮೇಲೆ ಈ ತರುಣರು ನಡೆಸಿದ ದಾಳಿಗಳು ಸಂಸ್ಥಾನದ ಆಡಳಿತವನ್ನು ಗಡಿಯಲ್ಲಿ ನಿರ್ವೀರ್ಯಗೊಳಿಸಿದವು. ಅವರ ತ್ಯಾಗವು ಸ್ಮರಣೀಯ. ಹಳ್ಳಿಯ ಕಡೆಯಿಂದ ನೋಡಿದರೆ ಇನ್ನೊಂದು ಮುಖವುಂಟು. ಶಿಬಿರದವರಿಗೆ ರಾತ್ರಿ ರೊಟ್ಟಿ ಕೊಟ್ಟ ಊರಿಗೆ ಬೆಳಿಗ್ಗೆ ರಜಾಕಾರರು ಬರುವರು. ಇಬ್ಬರ ನಡುವೆ ಸಿಕ್ಕವಳು ರೊಟ್ಟಿ ಬಡಿದ ತಾಯಿ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

ಬಿತ್ತನೆಯ ಪ್ರಶ್ನೆ

೧೯೪೮ರ ಜನವರಿಯಲ್ಲಿ ಎಳ್ಳಮಾವಾಸ್ಯೆ ಬಂದಿತು. ಬೀದರ, ಗುಲಬರ್ಗಾ ಸೀಮೆಗಳಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ, ಸಜ್ಜೆಯ ರೊಟ್ಟಿ, ಭಜ್ಜಿ, ಅಂಬಲಿಗಳನ್ನು ಬಂದವರೆಲ್ಲರೊಡನೆ ಉಣ್ಣುವ ಹಬ್ಬವಿದು. ಆ ದಿನ ದಾರಿಹೋಕನನ್ನೂ ಕರೆದು ಉಣಿಸುವುದು ಪದ್ಧತಿ. ಅಂದು ಹಬ್ಬ ನಡೆಯಿತು. ಜೂನಿನಲ್ಲಿ ಕಾರಹುಣ್ಣಿಮೆ ಬರುವ ಹೊತ್ತಿಗೆ ಸ್ಥಿತಿ ಬದಲಾಗಿತ್ತು. ಎತ್ತುಗಳಿಗೆ ಬಣ್ಣ ಹಚ್ಚಿ ಮೆರೆಸುವ ಹಬ್ಬಕ್ಕೆ ಎತ್ತುಗಳೇ ಇಲ್ಲ. ಕೆಲವನ್ನು ಲೂಟಿಯಲ್ಲಿ ಕಳೆದುಕೊಂಡರು, ಕೆಲವನ್ನು ಗಡಿಯಾಚೆಗೆ ಹೊಡೆದುಕೊಂಡು ಹೋದರು. ಮಿರುಗ ಮಳೆ ಸುರಿದಾಗ ಗಡಿಯಾಚೆಯ ಪಡಸಾಲೆಯಲ್ಲಿ ಕುಳಿತ ಒಕ್ಕಲಿಗನ ಸಂಕಟವನ್ನು ಮಣ್ಣಿನ ಮಕ್ಕಳು ಮಾತ್ರ ಬಲ್ಲರು. ಹದ ತಪ್ಪಿದರೆ ವರ್ಷ ತಪ್ಪಿತು. ಕೆಲವರು ಹೆಂಡಿರು ಮಕ್ಕಳನ್ನು ಶಿಬಿರದಲ್ಲಿ ಬಿಟ್ಟು, ತಾವು ಕತ್ತಲಲ್ಲಿ ಗಡಿ ದಾಟಿ ಬಿತ್ತಿ ಮರಳಿದರೆಂದು ಹಿರಿಯರಿಂದ ಕೇಳಿದ್ದೇನೆ. ಯಾರು ಕೊಯ್ಯುವರೆಂಬುದು ಗೊತ್ತಿಲ್ಲದೆ ಬಿತ್ತುವುದು ಎಂಥ ಶ್ರದ್ಧೆ! ಫಲವನ್ನು ಲೆಕ್ಕಿಸದೆ ಕಾಯಕವನ್ನು ಹಿಡಿದ ಶರಣರ ನಿಲುವಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತೋರದು.

ಸೆಪ್ಟೆಂಬರ್ ಮತ್ತು ಅನಂತರ

೧೯೪೮ರ ಸೆಪ್ಟೆಂಬರ್ ೧೩ರಂದು ಭಾರತದ ಸೇನೆಯು ಸಂಸ್ಥಾನವನ್ನು ಪ್ರವೇಶಿಸಿತು. ಮುಖ್ಯ ಪಡೆಯು ಸೋಲಾಪುರದ ಕಡೆಯಿಂದ ನಡೆಯಿತು. ಐದೇ ದಿನಗಳಲ್ಲಿ, ಸೆಪ್ಟೆಂಬರ್ ೧೭ರಂದು, ನಿಜಾಮರು ಶರಣಾಗತಿಯನ್ನು ಸಾರಿದರು. ಮರುದಿನ ಸಂಸ್ಥಾನದ ಸೇನೆಯು ಮೇಜರ್ ಜನರಲ್ ಜೆ. ಎನ್. ಚೌಧುರಿಯವರಿಗೆ ವಿಧಿವತ್ತಾಗಿ ಶರಣಾಯಿತು. ಭಾದ್ರಪದದ ಆ ದಿನಗಳಲ್ಲಿ ಹಳ್ಳಿಹಳ್ಳಿಗಳಲ್ಲಿ ತ್ರಿವರ್ಣ ಧ್ವಜವೇರಿತು. ಅಗಸಿಯ ಬಾಗಿಲುಗಳು ತೆರೆದವು. ವಲಸೆ ಹೋದವರು ಮರಳಿದರು. ೧೯೪೯ರಲ್ಲಿ ಜಹಗೀರುಗಳು ರದ್ದಾದವು. ೧೯೫೬ರ ನವೆಂಬರ್ ೧ರಂದು ಈ ಮೂರು ಜಿಲ್ಲೆಗಳು ಕನ್ನಡ ನಾಡಿನೊಡನೆ ಒಂದಾದವು. ಇಲ್ಲಿಗೆ ಕಥೆ ಮುಗಿಯಿತೆಂದು ನಾನು ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪಾಠ ಹೇಳಿದೆನು. ಸೆಪ್ಟೆಂಬರ್ ೧೭ರ ಸಮಾರಂಭಗಳಲ್ಲಿ ಭಾಷಣವನ್ನೂ ಮಾಡಿದೆನು. ಅದು ಅರ್ಧ ಕಥೆಯೆಂಬುದನ್ನು ನಿವೃತ್ತಿಯ ಹೊಸ್ತಿಲಿನಲ್ಲಿ ಅರಿತೆನು.

ಉಳಿದರ್ಧ ಹೀಗಿದೆ. ಸೇನೆ ಬಂದ ಮೇಲೆ ಅನೇಕ ಹಳ್ಳಿಗಳಲ್ಲಿ ಸೇಡು ಭುಗಿಲೆದ್ದಿತು. ರಜಾಕಾರರು ಮಾಡಿದ ಪಾಪದ ದಂಡವನ್ನು ಅವರ ಮತದವರೆಂಬ ಒಂದೇ ಕಾರಣಕ್ಕೆ ನಿರಪರಾಧಿಗಳಿಂದ ವಸೂಲು ಮಾಡಲಾಯಿತು. ಭಾರತ ಸರ್ಕಾರವು ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ತಂಡವನ್ನು ಸಂಸ್ಥಾನಕ್ಕೆ ಕಳುಹಿಸಿತು. ಅವರು ೧೯೪೮ರ ನವೆಂಬರ್ ಕೊನೆಯಿಂದ ಡಿಸೆಂಬರ್ ೨೧ರವರೆಗೆ ಸುತ್ತಾಡಿ ವರದಿ ಸಲ್ಲಿಸಿದರು. ಕಾರ್ಯಾಚರಣೆಯ ಕಾಲದಲ್ಲಿಯೂ ಅನಂತರವೂ ಸಂಸ್ಥಾನದಲ್ಲಿ ಸತ್ತವರು ೨೭,೦೦೦ದಿಂದ ೪೦,೦೦೦ ಎಂಬುದು ಅವರ ಅಂದಾಜು. ಅತಿ ಹೆಚ್ಚು ಹಾನಿಗೊಂಡ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದು, ಗುಲಬರ್ಗಾ, ಬೀದರ, ನಾಂದೇಡ. ನಾಲ್ಕರಲ್ಲಿ ಎರಡು ನಮ್ಮವು. ಆ ವರದಿಯು ದೀರ್ಘಕಾಲ ಕಡತಗಳಲ್ಲಿಯೇ ಇದ್ದು, ೨೦೧೩ರ ಸುಮಾರಿಗೆ ಸಾಮಾನ್ಯರ ಓದಿಗೆ ದೊರೆಯಿತು.

ಬಸವಾದಿ ಶರಣರ ನೆಲವೆಂದು ನಾವು ಹೆಮ್ಮೆಪಡುವ ಕಲಬುರಗಿ, ಬೀದರಗಳ ಹೆಸರು ಅಂಥ ಪಟ್ಟಿಯಲ್ಲಿ ಇರುವುದನ್ನು ಕಂಡಾಗ ನನಗೆ ಆದ ವೇದನೆಯನ್ನು ವಾಚಕರಲ್ಲಿ ಮುಚ್ಚಿಡಲಾರೆನು. ಗೋರಟಾಕ್ಕಾಗಿ ಅಳುವ ಕಣ್ಣು ಇದಕ್ಕೆ ಕುರುಡಾದರೆ, ಅದು ಸತ್ತವರಿಗಾಗಿ ಸುರಿಸಿದ ಕಣ್ಣೀರಲ್ಲ, ನಮ್ಮವರಿಗಾಗಿ ಮಾತ್ರ ಸುರಿಸಿದ ಕಣ್ಣೀರು. ದಯೆಯನ್ನು ಧರ್ಮದ ಬೇರೆಂದು ಬೋಧಿಸಿದ ಗುರುವಿನ ಮಕ್ಕಳಿಗೆ ಅದು ಸಲ್ಲದು. ಒಂದು ದುಃಖವು ಇನ್ನೊಂದನ್ನು ಅಳಿಸದು. ಒಂದರ ನೆನಪು ಇನ್ನೊಂದರ ಸಮರ್ಥನೆಯೂ ಆಗದು. ಎರಡನ್ನೂ ಎದುರಿಗಿಟ್ಟುಕೊಂಡು ನೋಡುವ ಧೈರ್ಯವು ಇತಿಹಾಸದ ವಿದ್ಯಾರ್ಥಿಗೂ ಬೇಕು, ಭಕ್ತನಿಗೂ ಬೇಕು.

ಅದೇ ವರದಿಯಲ್ಲಿ ಒಂದು ಬೆಳಕಿನ ಕಿರಣವೂ ಉಂಟು. ಹಲವೆಡೆ ಹಿಂದೂಗಳು ತಮ್ಮ ನೆರೆಯ ಮುಸಲ್ಮಾನ ಕುಟುಂಬಗಳನ್ನು, ಗಂಡಸರು ಹೆಂಗಸರು ಮಕ್ಕಳನ್ನು, ಪ್ರಾಣದ ಹಂಗು ತೊರೆದು ಕಾಪಾಡಿದರೆಂದು ತಂಡದವರು ದಾಖಲಿಸಿದ್ದಾರೆ. ಒಂದೇ ಕಸುಬಿನವರಲ್ಲಿ ಈ ಬಾಂಧವ್ಯವು ವಿಶೇಷವಾಗಿ ಎದ್ದು ಕಂಡಿತು. ಹಿಂದೂ ನೇಕಾರರು ಮುಸಲ್ಮಾನ ನೇಕಾರರನ್ನು ರಕ್ಷಿಸಲು ಹೋಗಿ ಬಹಳ ನಷ್ಟಕ್ಕೆ ಗುರಿಯಾದರು, ಕೆಲವರು ಜೀವವನ್ನೂ ತೆತ್ತರು. ಈ ಭಾಗವನ್ನು ಓದಿ ನಾನು ಬಹಳ ಹೊತ್ತು ಪುಸ್ತಕ ಮುಚ್ಚಿ ಕುಳಿತೆನು. ಸುರಪುರ ಸೀಮೆಯ ಮುದನೂರಿನ ಜೇಡರ ದಾಸಿಮಯ್ಯನೂ ನೇಕಾರನೇ. ಮಗ್ಗದ ಮುಂದೆ ಕುಳಿತವನು ಹಾಸು ಹೊಕ್ಕುಗಳನ್ನು ಬಲ್ಲನು. ಒಂದು ಎಳೆಯನ್ನು ಕಿತ್ತರೆ ಅರಿವೆಯೆಲ್ಲ ಸಡಿಲುವುದು ಎಂಬುದನ್ನು ಅವನಿಗೆ ಯಾರೂ ಉಪದೇಶಿಸಬೇಕಾಗಿಲ್ಲ. ಮತದಿಂದ ಬೇರೆಯಾದವರನ್ನು ಕಾಯಕವು ಒಂದು ಮಾಡಿತು. ರಾಜ್ಯ, ಸೈನ್ಯ, ಪಕ್ಷಗಳು ಕೈಚೆಲ್ಲಿದ ಕಡೆ ಅದು ಮನುಷ್ಯನನ್ನು ಉಳಿಸಿತು.

ಹೀಗೆ ಆ ಹದಿಮೂರು ತಿಂಗಳುಗಳನ್ನೂ ಅವುಗಳ ಹಿಂದೆಯೇ ಬಂದ ವಾರಗಳನ್ನೂ ಒಟ್ಟಿಗೆ ನೋಡಿದಾಗ ಒಂದು ಸಂಗತಿ ನಿಚ್ಚಳವಾಗುತ್ತದೆ. ನಾಣ್ಯ ಕೆಟ್ಟಾಗ, ಧಾನ್ಯ ಅಡಗಿದಾಗ, ದಾರಿ ಮುಚ್ಚಿದಾಗ ಹಳ್ಳಿಯನ್ನು ಹಿಡಿದು ನಿಲ್ಲಿಸಿದ್ದು ದುಡಿಮೆಯ ನೆಂಟಸ್ತಿಕೆ ಮತ್ತು ಹಂಚಿ ಉಣ್ಣುವ ರೂಢಿ. ಇವೆರಡು ಗಟ್ಟಿಯಾಗಿದ್ದ ಊರಿನಲ್ಲಿ ರಜಾಕಾರರ ಕಾಲದಲ್ಲಿಯೂ, ಸೇಡಿನ ಕಾಲದಲ್ಲಿಯೂ ಜೀವಗಳು ಉಳಿದವು. ಇವು ಹರಿದಲ್ಲಿ ಕೋಟೆಗೋಡೆಯಾಗಲಿ, ಧ್ವಜವಾಗಲಿ ಯಾರನ್ನೂ ಕಾಪಾಡಲಿಲ್ಲ. ಕಾಯಕ, ದಾಸೋಹಗಳನ್ನು ನಾವು ಮಠದ ಪ್ರಸಾದ ನಿಲಯಕ್ಕೂ ಜಯಂತಿಯ ಭಾಷಣಕ್ಕೂ ಸೀಮಿತಗೊಳಿಸಿ ನೋಡುವುದು ರೂಢಿಯಾಗಿದೆ. ಅವು ವಿಪತ್ಕಾಲದ ರಾಜ್ಯಶಾಸ್ತ್ರವೂ ಹೌದು.

ಅಂದಿನ ಹುಡೆಗಳು ಈಗ ಕುಸಿಯುತ್ತಿವೆ, ಹಗೇವುಗಳು ಮುಚ್ಚಿಹೋಗಿವೆ, ಆ ದಿನಗಳನ್ನು ಕಣ್ಣಾರೆ ಕಂಡವರು ಪ್ರತಿ ಊರಿನಲ್ಲಿ ಒಬ್ಬರೋ ಇಬ್ಬರೋ ಉಳಿದಿರಬಹುದು. ಸಾಹಿತ್ಯದ ವಿದ್ಯಾರ್ಥಿಗಳಲ್ಲಿ ನನ್ನ ಪ್ರಾರ್ಥನೆ ಇಷ್ಟೆ. ಅವರ ಬಳಿ ಹೋಗಿ ಕುಳಿತುಕೊಳ್ಳಿರಿ. ಯಾರು ಯಾರನ್ನು ಕೊಂದರೆಂದು ಮಾತ್ರ ಕೇಳದೆ, ಯಾರು ಯಾರಿಗೆ ಬಾಗಿಲು ತೆರೆದರು, ಯಾರ ಮನೆಯ ಜೋಳ ಯಾರ ಒಲೆಯ ಮೇಲೆ ಬೆಂದಿತು ಎಂದೂ ಕೇಳಿರಿ. ಕೇಳಿದುದನ್ನು ಹಿಂದೂ ಮುಸಲ್ಮಾನರೆಂಬ ಭೇದವಿಲ್ಲದೆ ಬರೆದಿಡಿರಿ. ಆ ಹೆಸರುಗಳು ದೊರೆತರೆ, ಕಾಯಕದಿಂದಲೇ ಹೆಸರು ಪಡೆದ ಶರಣರ ಸಾಲಿನಲ್ಲಿ ಅವರಿಗೂ ಸ್ಥಾನವಿದೆ.